ನೂರು ರೂಪಾಯಿ ಟಿಕೆಟ್, ತಗಡಿನ ಸೂರು, ತುರ್ತು ಪರಿಸ್ಥಿತಿ

ಕೊನೆಯ ಬಸ್ ತಪ್ಪಿದರೆ ತಪ್ಪಲಿ ಎಂದುಕೊಂಡೇ ಕಳೆದ ಶನಿವಾರ ಸಾಗರದ ಹವ್ಯಾಸಿ ತಂಡವೊಂದರ ನಾಟಕಕ್ಕೆ ಹೋದೆ. ವಿಷಯ 1975ರ ತುರ್ತು ಪರಿಸ್ಥಿತಿ. ಹೆಗ್ಗೋಡಿನ ನೀನಾಸಂ ಅಂಗಳದಲ್ಲಿ ನಾಟಕ ನೋಡುತ್ತಾ ಬೆಳೆದ ನನ್ನನ್ನು ಮೆಚ್ಚಿಸುವುದು ಸುಲಭವಲ್ಲ; ಮೊದಲ ಅರ್ಧ ಗಂಟೆ ಬರೀ ಭಾಷಣ, ಆಕಳಿಸಿದೆ.

ಆಮೇಲೆ ಒಬ್ಬ ಹುಡುಗ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಪತ್ರಿಕೆ ಬಿಡಿಸಿದ. ಸಂಪಾದಕೀಯದ ಜಾಗ ಖಾಲಿ. ಸೆನ್ಸಾರ್ ವಿರೋಧಿಸಿ ಆಗ ಕೆಲವು ಪತ್ರಿಕೆಗಳು ನಿಜವಾಗಿಯೂ ಹಾಗೆಯೇ ಅಚ್ಚಾಗಿದ್ದವು. ಆತ ಆ ಬಿಳಿ ಚೌಕದ ಮೇಲೆ ಬೆರಳಾಡಿಸುತ್ತಾ ಸಾಲು ಸಾಲಾಗಿ ‘ಓದಿದ’, ತುಟಿ ಮಾತ್ರ ಅಲುಗಾಡಿಸುತ್ತಾ. ಪಕ್ಕದಲ್ಲಿದ್ದ ಅಜ್ಜ ಎಲೆ ಅಡಿಕೆ ಜಗಿಯುವುದನ್ನೇ ಮರೆತರು.

ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾಗಿದ್ದ ನಟಿ ಸ್ನೇಹಲತಾ ರೆಡ್ಡಿಯವರ ಕುರಿತ ದೃಶ್ಯದಲ್ಲಿ ಸಂಭಾಷಣೆಯೇ ಇಲ್ಲ, ಉಬ್ಬಸದ ಉಸಿರು ಮಾತ್ರ. ಆಸ್ತಮಾದಿಂದ ನರಳುತ್ತಿದ್ದ ಅವರು ಬೆಂಗಳೂರಿನ ಜೈಲಿನಿಂದ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಆ ದೃಶ್ಯದ ಹೊತ್ತಿಗೇ ಮಳೆ ತಗಡಿನ ಸೂರಿಗೆ ಬಡಿಯತೊಡಗಿ ಉಸಿರಿನ ಸದ್ದೂ ಮುಳುಗಿತು. ಅವರ ಪಾತ್ರ ಮಾಡಿದ್ದ ಹುಡುಗಿ ನಿಲ್ಲಿಸಲಿಲ್ಲ, ಎದೆ ಏರಿಳಿಯುವುದಷ್ಟೇ ಕಾಣುತ್ತಿತ್ತು.

ಸಭಾಂಗಣದವರಿಗೆ ಒಂದು ಮಾತು: ಸೋರುವ ಮೂಲೆಯ ಕುರ್ಚಿಗಳಿಗೂ ಟಿಕೆಟ್ ಮಾರಬೇಡಿ. ನನ್ನ ಶಾಲು ಇನ್ನೂ ಒಣಗಿಲ್ಲ. ಕಾಫಿ ನೀರು ನೀರು, ಮಂಡಕ್ಕಿ ಚೆನ್ನಾಗಿತ್ತು. ಮುಂದಿನ ಪ್ರದರ್ಶನ ಶಿವಮೊಗ್ಗದಲ್ಲಂತೆ, ಅಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ. ಅರ್ಧ ಗಂಟೆ ತಡವಾಗಿ.