ಹುಬ್ಬಳ್ಳಿ-ಧಾರವಾಡದ ‘ಯುಕೆ ರೇಡಿಯೋಗ್ರಾಫರ್ ಪ್ಯಾಕೇಜ್’: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡದ ಸಪ್ತಾಪುರದವರೆಗೆ ವಿದೇಶಿ ನೌಕರಿ ಕನ್ಸಲ್ಟೆನ್ಸಿಗಳಿಗೆ ಬರವಿಲ್ಲ. ನರ್ಸಿಂಗ್ ಜೊತೆಗೆ ಈಗ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ರೇಡಿಯೋಗ್ರಾಫರ್‌ಗಳಿಗೂ ಪ್ಯಾಕೇಜ್ ಮಾರುತ್ತಾರೆ. ಅಂಗಡಿ ಬೇರೆ ಬೇರೆಯಾದರೂ ಸರಕು ಹೆಚ್ಚುಕಡಿಮೆ ಒಂದೇ: ಎಚ್‌ಸಿಪಿಸಿ (ಯುಕೆಯ ಆರೋಗ್ಯ ವೃತ್ತಿಗಳ ನೋಂದಣಿ ಮಂಡಳಿ) ಅರ್ಜಿ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್, ಸಿವಿ, ಮಾಕ್ ಇಂಟರ್‌ವ್ಯೂ, ವೀಸಾ ಫೈಲು. “ಎಲ್ಲಾ ನಾವ ಮಾಡ್ತೀವ್ರಿ, ನೀವು ಸಹಿ ಹಾಕ್ರಿ ಸಾಕು” ಅನ್ನುವುದು ಕೌಂಟರಿನ ಮಾತು. ನಾವು ಕೊಡುವ ಅಂಕ ಐದಕ್ಕೆ ಎರಡು. ಅದೂ ಓಡಾಟ ತಪ್ಪಿಸುವುದಕ್ಕೆ ಮತ್ತು ಇಂಟರ್‌ವ್ಯೂ ಅಭ್ಯಾಸಕ್ಕೆ. ಅರ್ಜಿ ಗೆಲ್ಲುವ ಅಥವಾ ಬೀಳುವ ಜಾಗ ಬೇರೆಯೇ ಇದೆ, ಅಲ್ಲಿಗೆ ಪ್ಯಾಕೇಜ್ ಕೈ ಹಾಕುವುದಿಲ್ಲ.

ಆ ಜಾಗ ಎಂದರೆ ಕೋರ್ಸ್ ಇನ್‌ಫರ್ಮೇಶನ್ ಫಾರ್ಮ್. ಯುಕೆಯಲ್ಲಿ ರೇಡಿಯೋಗ್ರಾಫರ್ ಎಂದು ಕರೆಸಿಕೊಳ್ಳಲು ಎಚ್‌ಸಿಪಿಸಿ ನೋಂದಣಿ ಕಡ್ಡಾಯ. ಆನ್‌ಲೈನ್ ಅರ್ಜಿಯಲ್ಲಿ ಹೆಸರು, ವಿಳಾಸ, ಪಾಸ್‌ಪೋರ್ಟ್ ತುಂಬುವುದಕ್ಕೆ ಒಂದು ಸಂಜೆ ಸಾಕು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಆದರೆ ಕೋರ್ಸ್ ಫಾರ್ಮನ್ನು ನೀವು ಓದಿದ ಸಂಸ್ಥೆಯೇ ತುಂಬಿ ಸಹಿ, ಮೊಹರು ಹಾಕಬೇಕು. ವೃತ್ತಿಯವರೇ ಆದ ಅಸೆಸರ್‌ಗಳು ಅದನ್ನು ಎಚ್‌ಸಿಪಿಸಿಯ ‘ಸ್ಟಾಂಡರ್ಡ್ಸ್ ಆಫ್ ಪ್ರೊಫಿಶಿಯನ್ಸಿ’ (ವೃತ್ತಿಗೆ ಬೇಕಾದ ಕೌಶಲಗಳ ಪಟ್ಟಿ) ಜೊತೆ ಸಾಲುಸಾಲಾಗಿ ಹೋಲಿಸುತ್ತಾರೆ. ಈಗ ಜಾರಿಯಲ್ಲಿರುವ ಆವೃತ್ತಿ 2023ರ ಸೆಪ್ಟೆಂಬರಿನದು. ಹಳೆಯದನ್ನು ಪ್ರಿಂಟ್ ಮಾಡಿ ಕೈಗಿಡುವ ಕನ್ಸಲ್ಟೆನ್ಸಿಯಾದರೆ ಅಲ್ಲಿಂದಲೇ ಎದ್ದು ಬನ್ನಿ.

ಕಾಲೇಜಿನ ಕ್ಲರ್ಕ್ ತುಂಬಿದ ಫಾರ್ಮ್ ಸಾಮಾನ್ಯವಾಗಿ ಹೀಗಿರುತ್ತದೆ: ‘ರೇಡಿಯೋಗ್ರಾಫಿಕ್ ಟೆಕ್ನಿಕ್ಸ್, ಎರಡನೇ ವರ್ಷ’. ಅಷ್ಟೇ. ಥಿಯರಿ ಎಷ್ಟು ಗಂಟೆ, ಪ್ರಾಕ್ಟಿಕಲ್ ಎಷ್ಟು, ಪೋಸ್ಟಿಂಗ್ ಯಾವ ವಿಭಾಗದಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ, ಏನೂ ಇಲ್ಲ. ಇಂಟರ್ನ್‌ಶಿಪ್‌ಗೆ ಒಂದೇ ಸಾಲು. ಬರೆಯದ್ದನ್ನು ಅಸೆಸರ್ ಕಲಿಸಿಲ್ಲ ಎಂದೇ ಎಣಿಸಬೇಕಾಗುತ್ತದೆ. ಆಮೇಲೆ ಬರುವುದು ಹೆಚ್ಚಿನ ಮಾಹಿತಿ ಕೇಳುವ ಪತ್ರ, ಇಲ್ಲವೇ ಕೊರತೆಗಳ ಪಟ್ಟಿ. ಹಾಗಾಗಿ ಕಾಲೇಜಿಗೆ ಖಾಲಿ ಫಾರ್ಮ್ ಕೊಡಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಬಿಎಸ್‌ಸಿ ಮೆಡಿಕಲ್ ಇಮೇಜಿಂಗ್ ಓದಿದವರು ತಮ್ಮ ಬ್ಯಾಚಿನ ಸಿಲೆಬಸ್ ಹಿಡಿದು, ಮಾಡ್ಯೂಲ್‌ವಾರು ಗಂಟೆ ಬರೆದು, ಪೋಸ್ಟಿಂಗ್ ಲಾಗ್‌ಬುಕ್ ಜೊತೆಗಿಟ್ಟು ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಮುಂದೆ ಕೂರಬೇಕು. ಅವರು ಪರಿಶೀಲಿಸಿ ತಿದ್ದಿ, ಫಾರ್ಮಿಗೆ ಇಳಿಸಲಿ. ಈ ಕೆಲಸವನ್ನು ಕನ್ಸಲ್ಟೆನ್ಸಿಯ ಹುಡುಗ ಮಾಡಲಾರ, ಅವನಿಗೆ ಕ್ಯಾಸೆಟ್ಟಿಗೂ ಕಾಂಟ್ರಾಸ್ಟಿಗೂ ವ್ಯತ್ಯಾಸ ಗೊತ್ತಿರುವುದಿಲ್ಲ.

ಕೊರತೆಯನ್ನು ಅನುಭವದಿಂದ ತುಂಬಲು ಅವಕಾಶ ಇದೆ. ಡಿಪ್ಲೊಮಾದವರಿಗೆ ಇರುವ ದಾರಿಯೂ ಮುಖ್ಯವಾಗಿ ಇದೇ, ಆದರೆ ಏರು ಜಾಸ್ತಿ. ಇಲ್ಲಿ ಸಿವಿ ಟೆಂಪ್ಲೇಟ್ ಉಪಯೋಗಕ್ಕೆ ಬಾರದು. ‘ಎಕ್ಸ್‌ರೇ, ಸಿಟಿ, ಎಂಆರ್‌ಐ ಮಾಡಿದ್ದೇನೆ’ ಎಂದರೆ ಏನನ್ನೂ ಹೇಳಿದಂತಲ್ಲ. ತಲೆಯ ಸಿಟಿಯನ್ನು ಸ್ವಂತವಾಗಿ ಮಾಡಿದ್ದೀರಾ, ಒಟಿಯಲ್ಲಿ ಸಿ-ಆರ್ಮ್ ಎಕ್ಸ್‌ರೇ ಯಂತ್ರ ನಡೆಸಿದ್ದೀರಾ, ಐಸಿಯುಗೆ ಮೊಬೈಲ್ ಎಕ್ಸ್‌ರೇ ಯಂತ್ರ ಒಯ್ದಿದ್ದೀರಾ, ಫಿಲ್ಮಿನಲ್ಲಿ ಮೂಳೆ ಮುರಿತ ಕಂಡಾಗ ಯಾರಿಗೆ ಹೇಗೆ ತಿಳಿಸಿದಿರಿ, ಮಕ್ಕಳಿಗೆ ಡೋಸ್ ಹೇಗೆ ತಗ್ಗಿಸಿದಿರಿ ಎಂದು ಬಿಡಿಸಿ ಬರೆಯಬೇಕು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಧಾರವಾಡದ ಎಸ್‌ಡಿಎಂ, ಗದಗಿನ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ದುಡಿದವರಿಗೆ ಇದು ಸುಲಭ. ಬರೀ ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಒಂದನ್ನೇ ಮಾಡಿಕೊಂಡಿರುವವರು ಅರ್ಜಿಗೆ ಮುಂಚೆ ಪ್ಲೇನ್ ಎಕ್ಸ್‌ರೇ ಇರುವ ಕಡೆ ಸ್ವಲ್ಪ ಕಾಲ ದುಡಿಯುವುದು ಒಳ್ಳೆಯದು. ಪರಿಶೀಲನಾ ಶುಲ್ಕ ನೂರಾರು ಪೌಂಡ್, ಅರ್ಜಿ ತಿರಸ್ಕಾರವಾದರೆ ವಾಪಸ್ ಬರುವುದಿಲ್ಲ.

ಐಇಎಲ್‌ಟಿಎಸ್ ವಿಷಯದಲ್ಲಿ ಪ್ಯಾಕೇಜುಗಳ ಕ್ರಮವೇ ತಲೆಕೆಳಗು. ಬೇಕಾದದ್ದು ಅಕಾಡೆಮಿಕ್‌ನಲ್ಲಿ ಒಟ್ಟು 7.0, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಜನ ಮುಗ್ಗರಿಸುವುದು ರೈಟಿಂಗ್‌ನಲ್ಲಿ. ಫಲಿತಾಂಶ ಎರಡು ವರ್ಷ ಮಾತ್ರ ಚಾಲ್ತಿ. ಕೋಚಿಂಗ್ ಫೀಸಿನ ಆಸೆಗೆ ಮೊದಲು ಪರೀಕ್ಷೆ ಬರೆಸುತ್ತಾರೆ, ಕೋರ್ಸ್ ಫಾರ್ಮ್ ಕಾಲೇಜಿನ ಟೇಬಲ್ ಮೇಲೆ ಕೊಳೆಯುವಷ್ಟರಲ್ಲಿ ಸ್ಕೋರ್ ಅವಧಿ ಕರಗಿರುತ್ತದೆ. ಫಾರ್ಮ್ ಮೊದಲು ಓಡಲಿ, ಪರೀಕ್ಷೆ ಆಮೇಲೆ.

ದುಡ್ಡು ಕೊಟ್ಟು ಮಾಡಿಸಬಹುದಾದ್ದು ಬೆಂಗಳೂರಿನ ಓಡಾಟ. ಟ್ರಾನ್ಸ್‌ಕ್ರಿಪ್ಟ್‌ಗೆ ಜಯನಗರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಎಡತಾಕುವುದಕ್ಕೆ ಸಮಂಜಸ ದರ ಕೇಳಿದರೆ ಕೊಡಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ, ಪೊಲೀಸ್ ಕ್ಲಿಯರೆನ್ಸ್‌ಗೆ ಮಧ್ಯವರ್ತಿ ಬೇಡ.

ನಮ್ಮ ಕಡೆಯವರಿಗೆ ಹೆಸರಿನ ತೊಡಕು ವಿಶೇಷ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು ಪೂರ್ತಿ, ಅನುಭವ ಪತ್ರದಲ್ಲಿ ಎರಡೂ ಇಲ್ಲ. ಗಲ್ಫ್‌ಗೆ ಹೋಗುವವರನ್ನು ದಾಖಲೆ ಪರಿಶೀಲಿಸುವ ಡೇಟಾಫ್ಲೋ ಕಂಪನಿ ತಡೆಯುವುದು ಇಂಥ ಕಡೆಯೇ. ಆ ಕಂಪನಿಯವರು ಕಾಲೇಜನ್ನೂ ಆಸ್ಪತ್ರೆಯನ್ನೂ ನೇರವಾಗಿ ಸಂಪರ್ಕಿಸಿ ಪರಿಶೀಲಿಸುತ್ತಾರೆ. ಉತ್ತರ ಬರದಿದ್ದರೆ ‘ಪರಿಶೀಲಿಸಲಾಗಲಿಲ್ಲ’ ಎಂದು ವರದಿ. ಅದಕ್ಕೆ ಅಫಿಡವಿಟ್ ಮೊದಲೇ ಮಾಡಿಸಿ, ಹಳೆಯ ಆಸ್ಪತ್ರೆಯ ಎಚ್‌ಆರ್‌ಗೆ ಫೋನ್ ಮಾಡಿ ಮೇಲ್ ಬರುವುದನ್ನು ತಿಳಿಸಿಡಿ. ಸೇರಿದ, ಬಿಟ್ಟ ತಾರೀಖುಗಳು ಆಸ್ಪತ್ರೆಯ ರಿಜಿಸ್ಟರಿಗೆ ತಾಳೆಯಾಗಬೇಕು. ಅನುಭವ “ಅಡ್ಜಸ್ಟ್” ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಸುಳಿಯಬೇಡಿ.

ಮಾಕ್ ಇಂಟರ್‌ವ್ಯೂಗೆ ಅಂಕ ಕೊಟ್ಟದ್ದು ಅದನ್ನು ಯುಕೆಯಲ್ಲಿ ಕೆಲಸ ಮಾಡುತ್ತಿರುವ ರೇಡಿಯೋಗ್ರಾಫರ್ ನಡೆಸಿದರೆ ಮಾತ್ರ. ಇಂಗ್ಲಿಷ್ ಮೇಡಂ ನಡೆಸುವ ಮಾಕ್‌ನಿಂದ ನಯಾಪೈಸೆ ಲಾಭವಿಲ್ಲ. ನಿಜವಾದ ಇಂಟರ್‌ವ್ಯೂನಲ್ಲಿ ಕೇಳುವುದು ರೋಗಿಗಳ ಮೇಲೆ ವಿಕಿರಣ ಬಳಸುವ ಬಗೆಗಿನ ಯುಕೆ ನಿಯಮವಾದ ಐಆರ್‌ಎಂಇಆರ್ 2017 ಬಗ್ಗೆ: ಪರೀಕ್ಷೆಗೆ ಕಳಿಸುವ ರೆಫರರ್ ಯಾರು, ಅದು ಬೇಕೇ ಎಂದು ತೀರ್ಮಾನಿಸುವ ಪ್ರಾಕ್ಟೀಷನರ್ ಯಾರು, ಎಕ್ಸ್‌ಪೋಶರ್ ಕೊಡುವ ಆಪರೇಟರ್ ಯಾರು. ರಿಕ್ವೆಸ್ಟ್‌ನಲ್ಲಿ ಬಲಗಾಲು ಎಂದಿದೆ, ರೋಗಿ ಎಡಗಾಲು ತೋರಿಸುತ್ತಾನೆ, ಏನು ಮಾಡುತ್ತೀರಿ? “ಡಾಕ್ಟರ್ ಬರೆದದ್ದನ್ನೇ ತೆಗೀತೀನಿ” ಎಂದರೆ ಅಲ್ಲಿಗೆ ಮುಗಿಯಿತು. ಎಕ್ಸ್‌ಪೋಶರ್ ನಿಲ್ಲಿಸಿ, ಹೆಸರು, ಹುಟ್ಟಿದ ದಿನ, ವಿಳಾಸ ಮೂರನ್ನೂ ರೋಗಿಯ ಬಾಯಿಂದಲೇ ಕೇಳಿ, ರೆಫರರ್ ಜೊತೆ ಮಾತಾಡಿ, ದಾಖಲಿಸಬೇಕು. ಸೊಂಟದ ಮುರಿತಕ್ಕೆ ಹಾರಿಝಾಂಟಲ್ ಬೀಮ್ ಲ್ಯಾಟರಲ್ (ಪಕ್ಕದಿಂದ ತೆಗೆಯುವ ಎಕ್ಸ್‌ರೇ) ಹೇಗೆ ತೆಗೆಯುತ್ತೀರಿ ಎನ್ನುವುದೂ ಬರಬಹುದು.

ಯುಕೆಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ‘ಜಾಬ್ಸ್’ ತಾಣದಲ್ಲಿ ಅರ್ಜಿ ಹಾಕುವುದು ಉಚಿತ. ಹುದ್ದೆಯ ಪರ್ಸನ್ ಸ್ಪೆಸಿಫಿಕೇಶನ್‌ನ (ಅಭ್ಯರ್ಥಿಗೆ ಬೇಕಾದ ಅರ್ಹತೆಗಳ ಪಟ್ಟಿ) ಒಂದೊಂದು ಅಂಶಕ್ಕೂ ಉದಾಹರಣೆ ಸಮೇತ ಉತ್ತರ ಬರೆಯಬೇಕು, ಒಂದೇ ಬರಹವನ್ನು ಎಲ್ಲ ಕಡೆ ಅಂಟಿಸಿದರೆ ಶಾರ್ಟ್‌ಲಿಸ್ಟ್ ಆಗದು. ಹೊಸಬರು ಸೇರುವ ವೇತನ ಶ್ರೇಣಿ ಬ್ಯಾಂಡ್ 5ರ ಆರಂಭಿಕ ಸಂಬಳ ಇಂಗ್ಲೆಂಡಿನಲ್ಲಿ 2025-26ಕ್ಕೆ ವರ್ಷಕ್ಕೆ 31,049 ಪೌಂಡ್. ಕನ್ಸಲ್ಟೆನ್ಸಿ ಇದಕ್ಕಿಂತ ಬಹಳ ದೊಡ್ಡ ಮೊತ್ತ ಹೇಳಿದರೆ ಆಫರ್ ಲೆಟರಿನಲ್ಲಿ ತೋರಿಸಲು ಹೇಳಿ.

ಕೊನೆಗೆ ಶುಲ್ಕ. ಯುಕೆ ಸರ್ಕಾರದ ನೇಮಕಾತಿ ಸಂಹಿತೆ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಏಜೆನ್ಸಿ ದುಡ್ಡು ಪಡೆಯುವಂತಿಲ್ಲ. ನಮ್ಮಲ್ಲಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ಸಂಖ್ಯೆಯನ್ನು ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅಷ್ಟಾದ ಮೇಲೂ ಪ್ಯಾಕೇಜ್ ಬೇಕೆನಿಸಿದರೆ ಎಚ್‌ಸಿಪಿಸಿ ಲಾಗಿನ್ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ, ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ, ಶುಲ್ಕ ನಿಮ್ಮ ಕಾರ್ಡಿನಿಂದಲೇ ಹೋಗಲಿ. ಮೂಲ ಅಂಕಪಟ್ಟಿಗಳನ್ನು ಅವರ ಬೀರುವಿನಲ್ಲಿ ಇಡಲು ಕೊಡಬೇಡಿ.