ಗೋವಾ ಟ್ರಿಪ್ಪಿನ ಪೆಟ್ರೋಲ್ ಲೆಕ್ಕ ನನ್ನ ಹಾಗೆ ಹಾಕಬೇಡಿ

ಗೆಳೆಯರನ್ನು ಕೂರಿಸಿಕೊಂಡು ಸ್ವಂತ ಕಾರಿನಲ್ಲಿ ಟ್ರಿಪ್ ಹೊರಡುವವರು ಇದನ್ನೊಮ್ಮೆ ಓದಿಬಿಡಿ.

ವಿಜಯಪುರದಿಂದ ಐದು ಜನ ಗೋವಾಕ್ಕೆ ಹೊರಟೆವು. ಬೆಳಗಾವಿ ಮೇಲೆ ಚೋರ್ಲಾ ಘಾಟಿನ ದಾರಿ. ಲೆಕ್ಕ ನನ್ನದೇ. ಮ್ಯಾಪಿನಲ್ಲಿ ಹೋಗಲು 350 ಕಿ.ಮೀ., ಬರಲು 350. ಕಂಪನಿ ಹೇಳಿದ ಮೈಲೇಜು 20. ಅಂದರೆ 35 ಲೀಟರ್. ಲೀಟರಿಗೆ ನೂರು ಅಂತ ಹಿಡಿದರೆ 3,500, ನನ್ನದೂ ಸೇರಿ ತಲೆಗೆ 700. ಎಲ್ಲರೂ ಅವತ್ತೇ ಫೋನ್‌ಪೇ ಮಾಡಿದರು.

ವಾಪಸ್ ಬಂದಾಗ ಮೀಟರಿನಲ್ಲಿ 980 ಕಿ.ಮೀ.! ಜಮಖಂಡಿಯಲ್ಲಿ ಒಬ್ಬನ ಸೋದರಮಾವನ ಮನೆ, ಗೋಕಾಕ ಫಾಲ್ಸ್, ಗೋವಾದಲ್ಲಿ ಮೂರು ದಿನ ಬೀಚಿನಿಂದ ಬೀಚಿಗೆ ಓಡಾಟ. ಇದ್ಯಾವುದೂ ನನ್ನ ಲೆಕ್ಕದಲ್ಲಿರಲಿಲ್ಲ. ಜೊತೆಗೆ ಎಸಿ ಬಂದ್ ಆಗಲೇ ಇಲ್ಲ. ಡಿಕ್ಕಿ ತುಂಬ ಬ್ಯಾಗು, ರೊಟ್ಟಿ ಗಂಟು. ಬರುವಾಗ ಘಾಟು ಹತ್ತಿದ್ದೆಲ್ಲ ಸೆಕೆಂಡ್ ಗೇರಿನಲ್ಲಿ. ಮೈಲೇಜು 14ಕ್ಕೆ ಬಂದಿತ್ತು.

ಪಂಪಿನ ಬಿಲ್ಲುಗಳೇ 5,200 ಆದವು. ಹೊರಡುವಾಗ ಟಾಕಿಯಲ್ಲಿ ಅರ್ಧ ಪೆಟ್ರೋಲ್ ನನ್ನ ದುಡ್ಡಿನದೇ ಇತ್ತು, ಸುಮಾರು 1,800 ರೂಪಾಯಿಯದು. ಮನೆ ಮುಟ್ಟುವಾಗ ಕೆಂಪು ದೀಪ ಹತ್ತಿತ್ತು. ಒಟ್ಟು 7,000. ಇನ್ನೂ ತಲೆಗೆ 700 ಕೊಡಿ ಅಂದೆ.

"ಲೆಕ್ಕಾ ಹಾಕಿದಾಂವ ನೀನ ಅಲ್ಲೇನಪಾ?" ಅಂದ ಒಬ್ಬ. ಇನ್ನೊಬ್ಬ, "ಟಾಕಿ ಅರ್ಧ ಇತ್ತಂತ ಯಾರು ನೋಡ್ಯಾರ?" ಅಂದ. ಸಿಟ್ಟು ಬಂತು. ಆದರೆ ಅವನಿಗೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ, ಅಲ್ವಾ?

ಈಗ ಹೊರಡುವ ಮುಂಚೆ ಎಲ್ಲರೂ ಗಾಡಿಯಲ್ಲಿ ಕೂತ ಮೇಲೆಯೇ ಪಂಪಿಗೆ ಹೋಗುತ್ತೇನೆ. ಆ ಮೊದಲ ಟಾಕಿ ಫುಲ್ ನನ್ನ ಖರ್ಚು. ಮೀಟರಿನ ಫೋಟೋ ಗುಂಪಿಗೆ ಹಾಕುತ್ತೇನೆ. ವಾಪಸ್ ಬಂದು ಅದೇ ಪಂಪಿನಲ್ಲಿ, ಪೈಪು ಟಕ್ ಅಂತ ತಾನೇ ನಿಲ್ಲುವವರೆಗೆ ಮತ್ತೆ ಫುಲ್. ದಾರಿಯ ಬಿಲ್ಲು, ಈ ಕೊನೆಯ ಬಿಲ್ಲು, ಫಾಸ್ಟ್ಯಾಗಿನಲ್ಲಿ ಕಟ್ಟಾದದ್ದು, ಇವಿಷ್ಟನ್ನು ಕೂಡಿಸಿ ಹಂಚುವುದು. ಮೊದಲೇ ಅಂದಾಜು ಹೇಳಲೇಬೇಕಾದರೆ ನಿಮ್ಮ ಗಾಡಿ ನಿಜವಾಗಿ ಕೊಡುವ ಮೈಲೇಜು ಹಿಡಿಯಿರಿ, ಸುತ್ತಾಟಕ್ಕೆ 200 ಕಿ.ಮೀ. ಜಾಸ್ತಿ ಸೇರಿಸಿ. ಗೋವಾದಲ್ಲಿ ಪೆಟ್ರೋಲ್ ನಮಗಿಂತ ಅಗ್ಗ, ಬರುವಾಗ ಅಲ್ಲೇ ತುಂಬಿಸಿಕೊಳ್ಳಿ.

ಮೂವರು ಆಮೇಲೆ ಕೊಟ್ಟರು. ನಾಲ್ಕನೆಯವನ 700 ಇನ್ನೂ ಬಾಕಿ. ಅವನ ಶೇಂಗಾ ಚಟ್ನಿ ಡಬ್ಬಿ ನಮ್ಮ ಮನೆಯಲ್ಲೇ ಇದೆ.