ಸಿಮೆಂಟ್ ಲೋಡಿಂಗ್‌ನಲ್ಲಿ ಎಕ್ಸೋಸೂಟ್: ವರ್ಷ ಕಳೆದ ಮೇಲಿನ ಅಭಿಪ್ರಾಯ

ಸೇಡಂ ತಾಲ್ಲೂಕಿನ ಸಿಮೆಂಟ್ ಕಾರ್ಖಾನೆಯೊಂದರ ಲೋಡಿಂಗ್ ವಿಭಾಗದ ಮೇಲ್ವಿಚಾರಣೆ ನನ್ನದು. ಭಾರ ಎತ್ತುವಾಗ ಸೊಂಟಕ್ಕೆ ಆಸರೆ ಕೊಡುವ, ಮೈಮೇಲೆ ತೊಡುವ, ಬ್ಯಾಟರಿಯಿಂದ ನಡೆಯುವ ಎಕ್ಸೋಸೂಟ್‌ಗಳನ್ನು ಬಾಡಿಗೆಗೆ ಪಡೆದು ವರ್ಷ ಕಳೆದಿದೆ. ಯಂತ್ರ ಚೆನ್ನಾಗಿದೆ, ಅದರ ಜೊತೆಗೆ ಬಂದ ತರಬೇತಿ ಮಾತ್ರ ಏನೇನೂ ಸಾಲದು.

ಕೆಲಸಗಾರ ಬಾಗಿದಾಗ ಬೆನ್ನು ಮತ್ತು ತೊಡೆಯ ಕೋನವನ್ನು ಸೂಟಿನ ಸಂವೇದಕಗಳು ಗುರುತಿಸುತ್ತವೆ, ಮೇಲೇಳುವಾಗ ಸೊಂಟದ ಇಕ್ಕೆಲದ ಮೋಟಾರುಗಳು ತೊಡೆಯನ್ನು ಹಿಂದಕ್ಕೂ ಎದೆಯನ್ನು ಮೇಲಕ್ಕೂ ಒತ್ತುತ್ತವೆ. ಪಾಳಿ ಮುಗಿದ ಮೇಲೆ ಸೊಂಟ ಹಿಡಿದುಕೊಂಡು ಕೂರುವವರು ಕಡಿಮೆಯಾಗಿರುವುದು ನಿಜ. ಆದರೆ ಮಾರಾಟ ಪ್ರತಿನಿಧಿ ಹೇಳಿದ ‘30 ಕಿಲೋ ನೆರವು’ ಎಂಬ ಮಾತನ್ನು ನಮ್ಮ ಹಮಾಲರು, ಅವರಿಗಿಂತ ಹೆಚ್ಚಾಗಿ ಗುತ್ತಿಗೆದಾರರು, 50 ಕಿಲೋ ಚೀಲ 20 ಕಿಲೋಗೆ ಇಳಿಯಿತೆಂದೇ ಅರ್ಥಮಾಡಿಕೊಂಡರು. ನೆರವು ಸಿಗುವುದು ಸೊಂಟಕ್ಕೆ ಮಾತ್ರ. ಬೆರಳು, ಭುಜ, ಮಂಡಿಗಳು ಚೀಲದ ಪೂರ್ಣ ಭಾರವನ್ನೇ ಹೊರುತ್ತವೆ, ಪಾದಗಳ ಮೇಲೆ ಸೂಟಿನ ತೂಕವೂ ಸೇರುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ, ಭಾರ ಎತ್ತುವ ಮಿತಿಯ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿರುವಾಗಲೂ ಒಬ್ಬರು ಎತ್ತಬಹುದಾದ ಮಿತಿ 23 ಕಿಲೋ. ನಮ್ಮ ಚೀಲ ಅದರ ಎರಡರಷ್ಟನ್ನೂ ಮೀರುತ್ತದೆ. ಹೀಗಿರುವಾಗ ‘ಸೂಟ್ ಇದೆಯಲ್ಲ, ಪಾಳಿಗೆ ಇನ್ನಷ್ಟು ಚೀಲ ಏರಿಸಲಿ’ ಎಂಬ ಬೇಡಿಕೆಯನ್ನು ನಾವು ಒಪ್ಪಲಿಲ್ಲ. ಚೀಲಗಳನ್ನು ಸಾಗಿಸಿ ತರುವ ಕನ್ವೇಯರಿನ ತುದಿಯನ್ನು ಸೊಂಟದ ಎತ್ತರಕ್ಕೆ ತಂದದ್ದರಿಂದ ಆದ ಉಪಕಾರ ಸೂಟಿನದಕ್ಕಿಂತ ಕಡಿಮೆಯೇನಲ್ಲ, ಖರ್ಚಂತೂ ಬಹಳ ಕಡಿಮೆ.

ಪೂರೈಕೆದಾರರ ತರಬೇತಿಯೆಂದರೆ ಹಿಂದಿಯ ಒಂದು ವಿಡಿಯೊ ಮತ್ತು ಸಮತಟ್ಟಾದ ನೆಲದ ಮೇಲೆ ಖಾಲಿ ಪೆಟ್ಟಿಗೆ ಎತ್ತಿಸುವ ಪ್ರದರ್ಶನ. ಲಾರಿಯ ಮೇಲೆ, ಚೀಲಗಳ ಸಂದಿನಲ್ಲಿ ಕಾಲಿಟ್ಟು ನಡೆಯುವವನಿಗೆ ಅದು ಯಾವ ಲೆಕ್ಕಕ್ಕೂ ಬಾರದು. ಎಡವಿದಾಗ ಏನು ಮಾಡಬೇಕು, ಮೋಟಾರು ಬೇಡದ ಹೊತ್ತಿನಲ್ಲಿ ಒತ್ತಿದರೆ ತುರ್ತು ನಿಲುಗಡೆ ಗುಂಡಿ ಯಾವ ಕೈಗೆ ಸಿಗಬೇಕು, ಬಕಲ್‌ಗಳನ್ನು ಯಾವ ಕ್ರಮದಲ್ಲಿ ಬಿಚ್ಚಿದರೆ ಬೇಗ ಹೊರಬರಬಹುದು ಎಂಬುದನ್ನೆಲ್ಲ ನಾವೇ ಅಭ್ಯಾಸಕ್ಕೆ ಸೇರಿಸಿದೆವು. ಹೊಸಬರಿಗೆ ಕನಿಷ್ಠ ನೆರವಿನ ಮಟ್ಟದಲ್ಲಿ, ಮೊದಲು ಬರಿಗೈಯಲ್ಲಿ, ಆಮೇಲೆ ಅರ್ಧ ತುಂಬಿದ ಚೀಲದಲ್ಲಿ ಕಲಿಸುತ್ತೇವೆ. ಮೋಟಾರಿನ ಒತ್ತು ಬರುವ ಕ್ಷಣ ದೇಹಕ್ಕೆ ಪರಿಚಯವಾಗುವವರೆಗೆ ಹೆಜ್ಜೆ ತಪ್ಪುವುದು ಸಹಜ. ಮೆಟ್ಟಿಲು ಹತ್ತುವಾಗ ಸೂಟನ್ನು ಆಫ್ ಮಾಡಿರಬೇಕು. ಕನ್ವೇಯರಿನ ಬಳಿ ಸೂಟಿನ ಪಟ್ಟಿಯ ತುದಿಗಳು ನೇತಾಡುತ್ತಿರಬಾರದು. ಸೂಚನೆಗಳನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದೇವೆ, ಓದಲು ಬಾರದವರಿಗೆ ಮೇಸ್ತ್ರಿ ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿ, ಅವರ ಕೈಯಿಂದಲೇ ಮಾಡಿಸಿ ನೋಡುತ್ತಾರೆ.

ಕೈಪಿಡಿ ಬರೆದವರು ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ಕಂಡಿರಲಿಕ್ಕಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಬೆನ್ನಿನ ಮೆತ್ತೆಯ ಅಡಿಯಲ್ಲಿ ಬೆವರು ಮಡುಗಟ್ಟುತ್ತದೆ. ಬೆವರಿನೊಂದಿಗೆ ಸಿಮೆಂಟ್ ಪುಡಿ ಕಲಸಿದರೆ ಅದು ಕ್ಷಾರವಾಗಿ ತೊಡೆಯ ಪಟ್ಟಿಯ ಕೆಳಗಿನ ಚರ್ಮವನ್ನು ಸುಡುತ್ತದೆ. ಅದಕ್ಕಾಗಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಒಳಮೆತ್ತೆ ಕೊಟ್ಟು, ದಿನವೂ ಒಗೆಯುವ ವ್ಯವಸ್ಥೆ ಮಾಡಿದ್ದೇವೆ. ಆ ಎರಡು ತಿಂಗಳು ಬೆಳಗಿನ ಪಾಳಿಯಲ್ಲಿ ಮಾತ್ರ ಸೂಟ್ ತೊಡಿಸುತ್ತೇವೆ. ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಚಾರ್ಜ್ ಮಾಡಬಾರದು. ತಗಡಿನ ಶೆಡ್ಡಿನ ಒಳಗೆ ಮಧ್ಯಾಹ್ನ ಅದು ಸುಲಭವಾಗಿ ಮೀರುವುದರಿಂದ ಚಾರ್ಜಿಂಗ್ ವ್ಯವಸ್ಥೆಯನ್ನು ತೂಕದ ಮನೆಯ ಪಕ್ಕದ ಕೋಣೆಗೆ ಸಾಗಿಸಿದೆವು.

ಒಪ್ಪಂದ ನವೀಕರಿಸುವ ಮುನ್ನ ಪೂರೈಕೆದಾರರ ಮುಂದೆ ಎರಡು ಷರತ್ತು ಇಟ್ಟಿದ್ದೇವೆ: ಕುಳ್ಳಗಿರುವವರಿಗೂ ಸೊಂಟದ ಕೀಲು ಸರಿಯಾಗಿ ಹೊಂದುವ ಚಿಕ್ಕ ಅಳತೆಯ ಸೂಟ್ ಬೇಕು, ಮುಂದಿನ ತರಬೇತಿ ಲಾರಿಯ ಮೇಲೆಯೇ ನಡೆಯಬೇಕು. ಮೊದಲನೆಯದಕ್ಕೆ ಒಪ್ಪಿದ್ದಾರೆ, ಎರಡನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.